ಸವಳು ಬಿದ್ದ ಹೊಲ ಯಾರ ಪಾಲು?

ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಸುತ್ತ ಎತ್ತ ನೋಡಿದರೂ ಕಬ್ಬು. ಎರೆಹೊಲಕ್ಕೆ ನೀರು ಹೆಚ್ಚು ಹಾಯಿಸಿದರೆ ಮೊದಲು ಜವಳು ಹಿಡಿಯುತ್ತದೆ, ಆಮೇಲೆ ಬಿಳಿ ಉಪ್ಪು ಮೇಲೆದ್ದು ಸವಳು ಬೀಳುತ್ತದೆ. ಜಮಖಂಡಿ, ಮುಧೋಳ ಸೀಮೆಯ ರೈತರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಇಳುವರಿ ಉಂಡವನು ಅಪ್ಪ, ಬಸಿಗಾಲುವೆ ತೋಡುವವನು ಮಗ. ಮೊಮ್ಮಗ ಕಬ್ಬು ಕಿತ್ತು ಅರಿಶಿನ ಹಾಕಲಿ, ಅದು ಅವನ ಹಕ್ಕು. ಏನೂ ಬೆಳೆಯದ ಮಣ್ಣನ್ನು ಅವನ ಕೈಗಿಡುವ ಹಕ್ಕು ಮಾತ್ರ ಅಜ್ಜನಿಗಿಲ್ಲ.

ಸಂವಿಧಾನದ ವಿಷಯದಲ್ಲೂ ನನಗೆ ಕಾಣುವುದು ಇದೇ ನ್ಯಾಯ.

1946ರ ಡಿಸೆಂಬರ್ 9ರಂದು ಸಂವಿಧಾನ ಸಭೆ ಕೂಡಿದಾಗ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಆ ಸಭೆಗೆ ಸದಸ್ಯರನ್ನು ಕಳಿಸಲು ಇಲ್ಲಿನ ಹೊಲದವರು, ಮಗ್ಗದವರು ಮತ ಹಾಕಿರಲಿಲ್ಲ. ಬ್ರಿಟಿಷ್ ಪ್ರಾಂತಗಳಲ್ಲೂ ಕೆಲವೇ ಮತದಾರರು ಆರಿಸಿದ್ದ ಶಾಸಕರೇ ಅವರನ್ನು ಆರಿಸಿದ್ದು. ಇದ್ದವರನ್ನೇ ಕೇಳದ ಮೇಲೆ ಹುಟ್ಟದವರ ಮಾತೆಲ್ಲಿ? ಆದರೂ ಅಂಬೇಡ್ಕರ್ ಹುಟ್ಟದವರನ್ನು ಮರೆಯಲಿಲ್ಲ. 1949ರ ನವೆಂಬರ್ 25ರ ಭಾಷಣದಲ್ಲಿ ಅಮೆರಿಕದ ಜೆಫರ್ಸನ್‌ನನ್ನು ನೆನೆದರು. ಒಂದು ತಲೆಮಾರು ಮುಂದಿನದನ್ನು ಕಟ್ಟಿಹಾಕುವಂತಿಲ್ಲ ಎಂಬುದು ಅವನ ವಾದ. 19 ವರ್ಷಕ್ಕೊಮ್ಮೆ ಸಂವಿಧಾನ ಹೊಸದಾಗಬೇಕೆಂದು 1789ರಲ್ಲೇ ಲೆಕ್ಕ ಹಾಕಿದ್ದ. ನಮ್ಮವರು ಅಷ್ಟು ದೂರ ಹೋಗದೆ 368ನೇ ವಿಧಿಯಲ್ಲಿ ತಿದ್ದುಪಡಿಗೆ ದಾರಿ ಬಿಟ್ಟರು. 1989ರಲ್ಲಿ 18 ತುಂಬಿದವರಿಗೂ ಮತ ಬಂದದ್ದು ಆ ದಾರಿಯಿಂದಲೇ.

ತಿದ್ದುವವರಿಗೆ ಮಿತಿ ಬೇಡವೇ? ಉತ್ತರ ಹುಟ್ಟಿದ್ದು ಕಾಸರಗೋಡಿನ ಎಡನೀರು ಮಠದ ಜಮೀನಿನಿಂದ. ಕೇರಳದ ಭೂಸುಧಾರಣೆ ಕಾನೂನನ್ನು ಪ್ರಶ್ನಿಸಿ ಕೇಶವಾನಂದ ಭಾರತೀ ಸ್ವಾಮೀಜಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು, 7–6ರ ಬಹುಮತದಲ್ಲಿ, ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಸಂವಿಧಾನದ ಮೂಲ ಸ್ವರೂಪ ಕೆಡಿಸುವಂತಿಲ್ಲ ಎಂದರು.

ಹಳಬರು ಹೊಸಬರ ಕೈ ಕಟ್ಟಿದರು ಎನ್ನುವವರಿದ್ದಾರೆ. ನಾನು ಒಪ್ಪಲಾರೆ. 1976ರಲ್ಲಿ 42ನೇ ತಿದ್ದುಪಡಿ ತಂದು, ತಿದ್ದುವ ಅಧಿಕಾರಕ್ಕೆ ಎಲ್ಲೆಯೇ ಇಲ್ಲ ಎಂದ ಲೋಕಸಭೆ, ತುರ್ತು ಪರಿಸ್ಥಿತಿಯಲ್ಲಿ ತನ್ನ ಅವಧಿಯನ್ನು ತಾನೇ ಹಿಗ್ಗಿಸಿಕೊಂಡು ಕೂತಿದ್ದ ಲೋಕಸಭೆ. ಮುಂದಿನವರ ಮತವನ್ನೇ ತಡೆದವರಿಗೆ ಮುಂದಿನವರ ಹೊಲ ಬರೆದುಕೊಡಲಾದೀತೇ? 1980ರಲ್ಲಿ, ಬೆಂಗಳೂರಿನ ಮಿನರ್ವ ಮಿಲ್ಸ್ ಪ್ರಕರಣದಲ್ಲಿ, ಕೋರ್ಟು ಆ ಭಾಗವನ್ನು ಹೊಡೆದುಹಾಕಿತು.

ಜಮೀನಿನ ಮಟ್ಟಿಗೆ ಎಡನೀರಿನ ಸ್ವಾಮೀಜಿ ಗೆಲ್ಲಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. ಆ ವರ್ಷ ಸಮೀರವಾಡಿಯ ತೊಟ್ಟಿಲುಗಳಲ್ಲಿದ್ದ ಕೂಸುಗಳು ಮೊದಲ ಮತ ಹಾಕುವುದು 2038ರ ನಂತರ.