ಒಂದೇ ಊರು, ನಡುವೆ ಗೋಡೆ: ಅಗಲಿದ ಅಣ್ಣ-ತಂಗಿಯ ಕಥೆ



ಶೀತಲ ಸಮರದ ಪಾಠದಲ್ಲಿ ಬರ್ಲಿನ್ ಗೋಡೆಯ ಹೆಸರು ಕೇಳಿರುತ್ತೀರಿ. 1961ರಲ್ಲಿ ಕಟ್ಟಿದರು, 1989ರಲ್ಲಿ ಬಿತ್ತು. ಎರಡು ಅಂಕದ ಪ್ರಶ್ನೆಗೆ ಇಷ್ಟೇ ಸಾಕು. ಆದರೆ ನಡುವಿನ 28 ವರ್ಷಗಳು ಒಂದು ಮನೆಯೊಳಗೆ ಹೇಗಿದ್ದವು ಎಂಬುದನ್ನು ತಿಳಿಯಲು ಕಾದಂಬರಿ ಬೇಕಾಗುತ್ತದೆ. ಅಮೆರಿಕದ ಲೇಖಕಿ ಜೆನಿಫರ್ ನೀಲ್ಸನ್ 2015ರಲ್ಲಿ ಬರೆದ ‘ಎ ನೈಟ್ ಡಿವೈಡೆಡ್’ ಅಂಥದ್ದೊಂದು ಕಾದಂಬರಿ.

ಕಥೆಗೆ ಮೊದಲು ಸ್ವಲ್ಪ ಹಿನ್ನೆಲೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿ ಒಡೆದು ಎರಡಾಯಿತು. ಬರ್ಲಿನ್ ನಗರವಿದ್ದದ್ದು ಪೂರ್ವ ಜರ್ಮನಿಯ ಒಳಗೆ. ಆದರೂ ನಗರದ ಪಶ್ಚಿಮ ಭಾಗ ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳ ಕೈಯಲ್ಲಿತ್ತು. 1961ರವರೆಗೆ ಜನ ರೈಲು ಹತ್ತಿ ಆಚೆ ಭಾಗಕ್ಕೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುತ್ತಿದ್ದರು. ಹೋದವರಲ್ಲಿ ಅನೇಕರು ಮರಳುತ್ತಿರಲಿಲ್ಲ. 1949ರಿಂದ ಸುಮಾರು 27 ಲಕ್ಷ ಜನ ಪೂರ್ವ ಜರ್ಮನಿ ಬಿಟ್ಟಿದ್ದರು. ಅದನ್ನು ತಡೆಯಲು ಅಲ್ಲಿನ ಸರಕಾರ 1961ರ ಆಗಸ್ಟ್ 12ರ ಶನಿವಾರ ರಾತ್ರಿ, ಊರು ಮಲಗಿದ್ದಾಗ, ಗಡಿಯುದ್ದಕ್ಕೂ ಮುಳ್ಳುತಂತಿ ಎಳೆಯಲಾರಂಭಿಸಿತು. ಗೋಡೆ ಬಂದದ್ದು ಆಮೇಲೆ.

ಆ ರಾತ್ರಿ ಯಾರು ಎಲ್ಲಿದ್ದರೋ ಅಲ್ಲೇ ಸಿಕ್ಕಿಕೊಂಡರು. ನೀಲ್ಸನ್ ಹಿಡಿದುಕೊಂಡಿರುವುದು ಈ ಆಕಸ್ಮಿಕವನ್ನೇ. ಎಂಟು ವರ್ಷದ ಗೆರ್ಟಾಳ ಅಪ್ಪ ಮತ್ತು ಅಣ್ಣ ಡೊಮಿನಿಕ್ ಪಶ್ಚಿಮಕ್ಕೆ ಹೋಗಿದ್ದಾರೆ. ಗೆರ್ಟಾ, ಹಿರಿಯಣ್ಣ ಫ್ರಿಟ್ಜ್ ಮತ್ತು ಅಮ್ಮ ಪೂರ್ವದಲ್ಲಿ ಉಳಿಯುತ್ತಾರೆ. ಯಾರೂ ಜಗಳವಾಡಿ ಬೇರೆಯಾದವರಲ್ಲ.

ಈ ಕುಟುಂಬ ಕಲ್ಪಿತ. ಆದರೆ ಇಂಥದ್ದು ನಡೆದಿತ್ತೇ? ಬೆರ್ನಾವರ್ ಬೀದಿಯನ್ನು ನೋಡಿ. ಒಂದು ಬದಿಯ ಮನೆಗಳು ಪೂರ್ವಕ್ಕೆ ಸೇರಿದ್ದವು. ಅವುಗಳ ಮುಂದಿನ ಕಾಲುದಾರಿ ಪಶ್ಚಿಮಕ್ಕೆ! ಹೊಸ್ತಿಲು ದಾಟಿದರೆ ಇನ್ನೊಂದು ಆಡಳಿತ. ಅಲ್ಲಿ ವಾಸವಿದ್ದ ಇಡಾ ಸೀಕ್‌ಮನ್ ಎಂಬ ಮಹಿಳೆಯ ತಂಗಿ ಕೆಲವೇ ಬೀದಿಗಳಾಚೆ, ಪಶ್ಚಿಮದಲ್ಲಿದ್ದಳು. ಆಗಸ್ಟ್ 21ರಂದು ಇಡಾ ಇದ್ದ ಕಟ್ಟಡದ ಮುಂಬಾಗಿಲನ್ನು ಮುಚ್ಚಿಬಿಟ್ಟರು. ಮರುದಿನ ಬೆಳಿಗ್ಗೆ ಆಕೆ ಹಾಸಿಗೆ-ಹೊದಿಕೆಗಳನ್ನು ಕಿಟಕಿಯಿಂದ ಕೆಳಗೆಸೆದು, ಹಿಂದೆಯೇ ತಾನೂ ಹಾರಿದರು. ಆಸ್ಪತ್ರೆ ತಲುಪುವ ಮೊದಲೇ ಪ್ರಾಣ ಹೋಯಿತು. ಮರುದಿನ ಅವರಿಗೆ 59 ತುಂಬುತ್ತಿತ್ತು. ಗೋಡೆಯ ಮೊದಲ ಬಲಿ ಎಂದು ಇತಿಹಾಸ ಅವರನ್ನೇ ಹೆಸರಿಸುತ್ತದೆ.

ಫೋನ್ ಮಾಡಬಹುದಿತ್ತಲ್ಲ ಎಂದು ಕೇಳಬಹುದು. ನಗರದ ಎರಡು ಭಾಗಗಳ ನಡುವಿನ ಟೆಲಿಫೋನ್ ಸಂಪರ್ಕ 1952ರಲ್ಲೇ ಕಡಿದುಹೋಗಿತ್ತು. ಮತ್ತೆ ಬಂದದ್ದು 1971ರಲ್ಲಿ. 1963ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ಸಮಯಕ್ಕೆ, ಪಶ್ಚಿಮ ಬರ್ಲಿನ್‌ನವರಿಗೆ ಪೂರ್ವದ ಬಂಧುಗಳನ್ನು ನೋಡಲು ಮೊದಲ ಬಾರಿ ಪಾಸ್ ಕೊಟ್ಟರು. ಎರಡೂವರೆ ವಾರಗಳಲ್ಲಿ ಸುಮಾರು 12 ಲಕ್ಷ ಭೇಟಿಗಳು ನಡೆದವು. ಪೂರ್ವದವರು ಆಚೆ ಹೋಗುವ ನಿಯಮ ಇನ್ನೂ ವಿಚಿತ್ರ. 1964ರಿಂದ ಪಿಂಚಣಿ ವಯಸ್ಸಿನವರಿಗೆ ವರ್ಷಕ್ಕೊಮ್ಮೆ ಬಂಧುಗಳ ಮನೆಗೆ ಹೋಗಲು ಅನುಮತಿ ಸಿಕ್ಕಿತು. ಹೆಂಗಸರಿಗೆ ಆ ವಯಸ್ಸು 60. ಗೆರ್ಟಾಳಂಥ ಹುಡುಗಿ ಈ ನಿಯಮವನ್ನೇ ನಂಬಿ ಕುಳಿತಿದ್ದರೆ ಅಣ್ಣನ ಮನೆಗೆ ಹೋಗಲು 52 ವರ್ಷ ಕಾಯಬೇಕಿತ್ತು.

ಅವಳು ಕಾಯುವುದಿಲ್ಲ. ನಾಲ್ಕು ವರ್ಷಗಳ ನಂತರ, ಶಾಲೆಯ ದಾರಿಯಲ್ಲಿ, ಗೋಡೆಯಾಚೆಯ ಅಟ್ಟಣಿಗೆಯ ಮೇಲೆ ಅಪ್ಪ ಕಾಣುತ್ತಾರೆ. ಕೂಗಿದರೆ ಕಾವಲುಗಾರರಿಗೆ ಕೇಳುತ್ತದೆ. ಆದ್ದರಿಂದ ಅಪ್ಪ ಅವಳ ಬಾಲ್ಯದ ಹಾಡೊಂದರ ಅಭಿನಯ ಮಾಡಿ ತೋರಿಸುತ್ತಾರೆ. ಅದರ ಅರ್ಥ: ನೆಲ ಅಗೆ.

ಮಕ್ಕಳು ಸುರಂಗ ತೋಡುವುದು ಅತಿಯಾಯಿತು ಎಂದು ಓದುವಾಗ ನನಗೂ ಅನ್ನಿಸಿತ್ತು. ಈಗಲೂ ಸ್ವಲ್ಪ ಅನ್ನಿಸುತ್ತದೆ. ಆದರೆ ಸುರಂಗಗಳಂತೂ ನಿಜ. 1964ರ ಅಕ್ಟೋಬರ್‌ನಲ್ಲಿ, ವಿದ್ಯಾರ್ಥಿಗಳೇ ಹೆಚ್ಚಾಗಿದ್ದ ಒಂದು ಗುಂಪು ಪಶ್ಚಿಮದಿಂದ ತೋಡಿದ 145 ಮೀಟರ್ ಸುರಂಗದಲ್ಲಿ ಎರಡು ರಾತ್ರಿಗಳಲ್ಲಿ 57 ಜನ ತೆವಳಿ ಪಾರಾದರು. ಆ ಸುರಂಗ ಶುರುವಾದದ್ದು ಅದೇ ಬೆರ್ನಾವರ್ ಬೀದಿಯಲ್ಲಿ.

ಪುಸ್ತಕದ ಇಂಗ್ಲಿಷ್ ಸರಳವಾಗಿದೆ. ಪ್ರಥಮ ಪಿಯುಸಿಯವರೂ ಓದಬಹುದು. ಗೆರ್ಟಾ ಆಚೆ ತಲುಪಿದಳೇ ಎಂಬುದನ್ನು ನಾನು ಹೇಳುವುದಿಲ್ಲ.