ಮುಂದಿಲ್ಲ, ಹಿಂದಿಲ್ಲ, ಹರಿಗೋಲು

ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಮೂತಿಯಿರುವ ದೋಣಿ ಹುಟ್ಟು ಹಾಕಿದತ್ತ ಸಾಗುತ್ತದೆ. ದುಂಡಗಿನ ಹರಿಗೋಲು ನೀರಿಗಿಳಿದ ಕೂಡಲೇ ಗಿರಗಿರ ತಿರುಗಲು ನೋಡುತ್ತದೆ. ತುಂಗಭದ್ರೆಯ ಸೆಳವಿನಲ್ಲಿ ಅದನ್ನು ಅಂಕೆಯಲ್ಲಿಟ್ಟು ಆನೆಗುಂದಿಯ ದಡ ಮುಟ್ಟಿಸುವುದು ಅಂಬಿಗನ ತೋಳಿಗೆ ಒಲಿದ ವಿದ್ಯೆ.

ಗಂಗಾವತಿಯ ಕಾಲೇಜಿನಲ್ಲಿ ಕೂಡಿ ಓದಿದ ನಾವು ನಾಲ್ವರು ಡಿಸೆಂಬರಿನಲ್ಲಿ ತಳವಾರಘಟ್ಟದ ರೇವಿಗೆ ಬಂದೆವು. ಒಬ್ಬ ಸಾಣಾಪುರದಲ್ಲಿ ಭತ್ತ ಬೆಳೆಯುತ್ತಾನೆ, ಒಬ್ಬನದು ಹುಬ್ಬಳ್ಳಿಯಲ್ಲಿ ಔಷಧಿ ಅಂಗಡಿ, ಇನ್ನೊಬ್ಬ ಓದು ಮುಗಿದಂದಿನಿಂದ ಬೆಂಗಳೂರಿನವನು. ಓದುವ ದಿನಗಳಲ್ಲಿ ಹಂಪಿಯ ತೇರಿಗೆ ಬರುವಾಗ ಸೈಕಲ್ಲುಗಳನ್ನೂ ಹರಿಗೋಲಿಗೇ ಹೇರಿ ದಾಟುತ್ತಿದ್ದೆವು. ಆಡು, ಭತ್ತದ ಚೀಲ, ಕೂಸೆತ್ತಿಕೊಂಡ ಬಾಣಂತಿ, ಎಲ್ಲರಿಗೂ ಅದೇ ದಾರಿ. ಇಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಜೀವ ಕಳೆದುಕೊಂಡರು. ಈ ದಡದವರು ಅದನ್ನು ಮರೆತಿಲ್ಲ.

“ಅಣ್ಣಾರ, ಎಲ್ಲಾರೂ ಒಂದ ಕಡಿ ಕುಂದ್ರಬ್ಯಾಡ್ರಿ” ಎಂದ ಅಂಬಿಗ. ಭಾರ ಹಂಚಿಹೋಗುವಂತೆ ಅಂಚಿಗೊರಗಿ ಸುತ್ತ ಕೂತೆವು. ಬಿದಿರ ದಬ್ಬೆಗಳನ್ನು ಹೆಣೆದು, ಹೊರಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದಿದ್ದಾರೆ. ಹಿಂದೆ ತೊಗಲು ಹೊದಿಸುತ್ತಿದ್ದರು. 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ಆನೆಗುಂದಿಗೆ ದಾಟಿಸುವ ಬುಟ್ಟಿಯಾಕಾರದ ದೋಣಿಗಳ ಬಗ್ಗೆ ಬರೆದಿದ್ದಾನೆ. 15–20 ಜನರನ್ನು, ಬೇಕಾದರೆ ಕುದುರೆ, ಎತ್ತುಗಳನ್ನೂ ಅವು ಹೊರುತ್ತಿದ್ದವಂತೆ, ತಿರುಗುತ್ತಲೇ ಸಾಗುತ್ತಿದ್ದವಂತೆ. ಐನೂರು ವರ್ಷ ಬಾಳಿದ ಆಕಾರವೆಂದರೆ ಸಣ್ಣ ಮಾತಲ್ಲ. ಚಪ್ಪಟೆ ತಳವಾದ್ದರಿಂದ ಮೊಳಕಾಲುದ್ದದ ನೀರಿದ್ದರೂ ಬಂಡೆಗಳ ನಡುವೆ ನುಸುಳುತ್ತದೆ. ಅಣೆಕಟ್ಟಿನ ಗೇಟು ತೆಗೆದು ಹೊಳೆ ತುಂಬಿದಾಗ ಮಾತ್ರ ಅದನ್ನು ಇಳಿಸುವ ಮಾತೇ ಇಲ್ಲ. ಉಳಿದ ದಿನಗಳಲ್ಲೂ ಲೈಫ್ ಜಾಕೆಟ್ ಇಲ್ಲದೆ ಯಾರೂ ಹತ್ತಬಾರದು.

ನಡುಹೊಳೆಯಲ್ಲಿ ಬೆಂಗಳೂರಿನ ಗೆಳೆಯ ಹುಟ್ಟು ಕೇಳಿದ. ಮಗ್ಗುಲಿಗೆ ಹಾಕಿದ್ದೇ ತಡ, ವಿಠ್ಠಲ ದೇವಾಲಯದ ಕಡೆಯ ಬಂಡೆಗಳು, ಅಂಜನಾದ್ರಿ, ಮತ್ತೆ ಬಂಡೆಗಳು ನಮ್ಮ ಸುತ್ತ ತಿರುಗಿದವು. “ಮಗ್ಗಲಕ ಬ್ಯಾಡ್ರೀ, ಮುಂದ ಹಾಕ್ರಿ. ನೀರು ನಿಮ್ಮ ಕಡಿ ಎಳಕೋರಿ” ಎಂದ ಅಂಬಿಗ. ಗೆಳೆಯ ಅಂಚಿನ ಮೇಲೆ ಬಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಳಸುತ್ತ ನೀರನ್ನು ಎದೆಯತ್ತ ಎಳೆದುಕೊಂಡ. ಸುತ್ತು ನಿಂತು ಹರಿಗೋಲು ಮುಂದೆ ಸರಿಯಿತು. “ಲೇ, ಬಂತಲ್ಲೋ!” ಎಂದು ಸಾಣಾಪುರದವನು ಚಪ್ಪಾಳೆ ತಟ್ಟಿದ. ಬೆಂಗಳೂರಿನವನು ದಡ ಮುಟ್ಟುವ ತನಕ ಹುಟ್ಟು ಬಿಡಲೇ ಇಲ್ಲ; ಆನೆಗುಂದಿಯಲ್ಲಿ ಎಲ್ಲರಿಗೂ ಒಗ್ಗರಣೆ-ಮಿರ್ಚಿ ಅವನದೇ ಲೆಕ್ಕ, ಅಂಬಿಗನಿಗೆ ಎರಡು ಪ್ಲೇಟು.