ಹಳೆಯ ಡೀಸೆಲ್ ಸೆಡಾನ್: ಕೊಳ್ಳುವ ಬೆಲೆಯೊಂದೇ ಲೆಕ್ಕವಲ್ಲ

ಊರಿಂದೂರಿಗೆ ವಸೂಲಿಗಾಗಿ, ಆರ್ಡರುಗಳಿಗಾಗಿ ತಿರುಗಬೇಕಾದ ವ್ಯಾಪಾರಸ್ಥರಿಗೂ ಸಣ್ಣ ಉದ್ದಿಮೆದಾರರಿಗೂ ಡೀಸೆಲ್ ಸೆಡಾನ್ ಬಹುಕಾಲ ಮೆಚ್ಚಿನ ವಾಹನವಾಗಿತ್ತು. ಇದಕ್ಕೆ ಕಾರಣಗಳು ಎರಡು: ಡೀಸೆಲ್ ಅಗ್ಗ; ಲೀಟರಿಗೆ ಓಡುವ ದೂರ ಹೆಚ್ಚು. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರವು ಡೀಸೆಲ್ ಬೆಲೆಯ ನಿಯಂತ್ರಣವನ್ನು ತೆಗೆದುಹಾಕಿದ ಮೇಲೆ ಮೊದಲನೆಯ ಕಾರಣ ಬಲಗುಂದಿತು. 2020ರ ಏಪ್ರಿಲ್‌ನಲ್ಲಿ ಬಿ.ಎಸ್.-6 ಮಾನದಂಡ ಜಾರಿಗೆ ಬಂದಾಗ ಮಾರುತಿ ಸುಜುಕಿ ಸಂಸ್ಥೆಯು ಡೀಸೆಲ್ ಕಾರುಗಳ ಮಾರಾಟವನ್ನೇ ನಿಲ್ಲಿಸಿತು. ಆದುದರಿಂದ ಸ್ವಿಫ್ಟ್ ಡಿಸೈರ್‌ನಂತಹ ಜನಪ್ರಿಯ ಡೀಸೆಲ್ ಸೆಡಾನ್ ಬೇಕೆನ್ನುವವರಿಗೆ ಉಪಯೋಗಿಸಿದ ಕಾರುಗಳ ಮಾರುಕಟ್ಟೆಯೊಂದೇ ದಾರಿ.

ಅಲ್ಲಿ ಕೇಳುವ ಬೆಲೆ ಆಕರ್ಷಕವಾಗಿರುತ್ತದೆ. ಆದರೆ ಹಿಂದಿನ ಮಾಲೀಕರು ಮುಂದೂಡಿದ ದುರಸ್ತಿಗಳೆಲ್ಲವೂ ಕೊಳ್ಳುವವರ ಖಾತೆಗೆ ವರ್ಗವಾಗುತ್ತವೆ. ಈ ಗುಪ್ತ ಬಾಕಿಯನ್ನು ಮೊದಲೇ ಅಂದಾಜು ಮಾಡದೆ ವ್ಯವಹಾರ ಕುದುರಿಸಿದರೆ ಅಗ್ಗದ ಕಾರು ದುಬಾರಿಯಾಗಿ ಪರಿಣಮಿಸುವುದು ನಿಶ್ಚಿತ.

ಒಂದೇ ಎಂಜಿನ್, ಹಲವು ಕಾರುಗಳು

2008ರಲ್ಲಿ ಮಾರುಕಟ್ಟೆಗೆ ಬಂದ ಡಿಸೈರ್‌ನ ಡೀಸೆಲ್ ಎಂಜಿನ್ ಮೂಲತಃ ಫಿಯಟ್ ಸಂಸ್ಥೆಯ 1.3 ಲೀಟರ್ ಮಲ್ಟಿಜೆಟ್. ಇದರ ಸಾಮರ್ಥ್ಯ 1,248 ಸಿ.ಸಿ. ಇದೇ ಎಂಜಿನ್ ಫಿಯಟ್ ಲಿನಿಯಾ, ಟಾಟಾ ಇಂಡಿಗೊ ಮಾಂಜಾ ಮತ್ತು ಮಾರುತಿ ಸಿಯಾಜ್ ಕಾರುಗಳಲ್ಲಿಯೂ ಬಳಕೆಯಾಯಿತು. ಇದರಿಂದ ಕೊಳ್ಳುವವರಿಗೆ ಒಂದು ಅನುಕೂಲವುಂಟು: ಇದರ ಗುಣದೋಷಗಳನ್ನು ಬಲ್ಲ ಮೆಕ್ಯಾನಿಕ್‌ಗಳು ಸಣ್ಣ ಪಟ್ಟಣಗಳಲ್ಲಿಯೂ ಸಿಗುತ್ತಾರೆ, ಬಿಡಿಭಾಗಗಳಿಗೂ ಹೆಚ್ಚು ಅಲೆಯಬೇಕಿಲ್ಲ. ಅನನುಕೂಲವೂ ಉಂಟು: ಡಿಸೈರ್ ಟ್ಯಾಕ್ಸಿಯಾಗಿಯೂ ಅಪಾರವಾಗಿ ಓಡಿದ ಕಾರು. ಮೀಟರನ್ನು ಹಿಂದಕ್ಕೆ ತಿರುಗಿಸಿ ಮಾರುವ ಅಭ್ಯಾಸ ಈ ವ್ಯಾಪಾರದಲ್ಲಿ ಹೊಸದಲ್ಲ. ಮೀಟರ್ ತೋರಿಸುವ ಅಂಕಿಗಿಂತ ಸರ್ವಿಸ್ ದಾಖಲೆ, ಸವೆದ ಪೆಡಲ್, ಸ್ಟೀರಿಂಗ್ ಚಕ್ರದ ಹೊಳಪು, ಚಾಲಕನ ಆಸನದ ಸ್ಥಿತಿ ಇವು ಹೆಚ್ಚು ಸತ್ಯ ನುಡಿಯುತ್ತವೆ.

ಪದೇ ಪದೇ ಕಾಣುವ ದೋಷಗಳು

ಇಂಜೆಕ್ಟರ್: ಕಾಮನ್ ರೈಲ್ ವ್ಯವಸ್ಥೆಯಲ್ಲಿ ಡೀಸೆಲ್ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಸೂಕ್ಷ್ಮ ರಂಧ್ರಗಳ ಮೂಲಕ ಸಿಡಿಯುತ್ತದೆ. ಕಲಬೆರಕೆಯ ಡೀಸೆಲ್, ನೀರಿನಂಶ, ಬದಲಾಯಿಸದ ಫಿಲ್ಟರ್ ಇವು ಇಂಜೆಕ್ಟರ್ ಮತ್ತು ಅಧಿಕ ಒತ್ತಡದ ಪಂಪ್‌ಗಳ ಪರಮ ಶತ್ರುಗಳು. ತಡವಾಗಿ ಸ್ಟಾರ್ಟ್ ಆಗುವುದು, ನಿಂತಲ್ಲಿ ನಡುಗುವುದು ಮತ್ತು ಅತಿಯಾದ ಹೊಗೆ ಇದರ ಲಕ್ಷಣಗಳು. ಪ್ರತಿಯೊಂದು ಇಂಜೆಕ್ಟರ್‌ನಿಂದ ಹಿಂದಿರುಗುವ ಡೀಸೆಲ್ಲನ್ನು ಅಳೆಯುವ ಪರೀಕ್ಷೆ ಸುಲಭವಾದುದು. ಕೊಳ್ಳುವ ಮೊದಲೇ ಮಾಡಿಸಬೇಕು.

ಟರ್ಬೊ: ಇದರ ಆಯುಸ್ಸು ಎಂಜಿನ್ ಆಯಿಲ್‌ನ ಶುದ್ಧತೆಯನ್ನು ಅವಲಂಬಿಸಿದೆ. ಆಯಿಲ್ ಬದಲಾವಣೆಯನ್ನು ಮುಂದೂಡಿದರೆ ಬೇರಿಂಗ್ ಸವೆದು, ಆಯಿಲ್ ಒಳಸೋರಿ ನೀಲಿ ಹೊಗೆ ಬರುತ್ತದೆ. ಹೆದ್ದಾರಿಯಲ್ಲಿ ವೇಗವಾಗಿ ಬಂದೊಡನೆ ಎಂಜಿನ್ ಆರಿಸುವ ಅಭ್ಯಾಸವೂ ಟರ್ಬೊಗೆ ಹಾನಿಕರ. ಅರ್ಧ ನಿಮಿಷವಾದರೂ ನಿಧಾನಗತಿಯಲ್ಲಿ ಓಡಲು ಬಿಡುವುದು ಲೇಸು.

ಇ.ಜಿ.ಆರ್. ವಾಲ್ವ್: ಹೊಗೆಯ ಒಂದಂಶವನ್ನು ಮರಳಿ ಎಂಜಿನ್ನಿಗೆ ಕಳುಹಿಸುವ ಈ ಕವಾಟ ಮಸಿ ಕಟ್ಟಿ ಸಿಕ್ಕಿಕೊಳ್ಳುವುದುಂಟು. ಆಗ ಕಾರಿನ ಎಳೆತ ಕುಂದಿ ಕಪ್ಪು ಹೊಗೆ ಹೆಚ್ಚುತ್ತದೆ. ಪೇಟೆಯೊಳಗೆ ಎರಡು ಮೂರು ಕಿಲೋಮೀಟರ್‌ಗಳ ಓಡಾಟವೇ ಹೆಚ್ಚಾದ ಕಾರುಗಳಲ್ಲಿ ಇದು ಸಾಮಾನ್ಯ. ಬಿಚ್ಚಿ ಶುಚಿಗೊಳಿಸಿದರೆ ಅನೇಕ ವೇಳೆ ಸರಿಹೋಗುತ್ತದೆ.

ಟೈಮಿಂಗ್ ಚೈನ್: ಈ ಎಂಜಿನ್‌ನಲ್ಲಿ ಬೆಲ್ಟ್ ಬದಲು ಚೈನ್ ಇದೆ. ಇದನ್ನು ನೋಡಬೇಕಾದುದೇ ಇಲ್ಲವೆಂಬ ಭಾವನೆ ತಪ್ಪು. ಆಯಿಲ್ ಮಟ್ಟ ಇಳಿದರೆ ಅಥವಾ ಆಯಿಲ್ ಕೆಟ್ಟರೆ ಚೈನ್ ಹಿಗ್ಗುತ್ತದೆ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಗಡಗಡ ಸದ್ದು ಇದರ ಸೂಚನೆ. ಚೈನ್ ಹಲ್ಲು ತಪ್ಪಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಹಾಳಾಗಬಹುದು. ಚೈನ್ ಬದಲಾಯಿಸುವಾಗ ಟೆನ್ಷನರ್ ಮತ್ತು ಗೈಡ್‌ಗಳನ್ನೂ ಬದಲಾಯಿಸುವುದೇ ಸರಿಯಾದ ಕ್ರಮ.

ಇವಲ್ಲದೆ ಕ್ಲಚ್ ಮತ್ತು ಸಸ್ಪೆನ್ಷನ್ ಬುಷ್‌ಗಳು ಸವೆಯುವುದು ಸಹಜ. 2020ರ ಏಪ್ರಿಲ್ ನಂತರದ ಬಿ.ಎಸ್.-6 ಡೀಸೆಲ್ ಸೆಡಾನ್‌ಗಳನ್ನು ಕೊಳ್ಳುವವರು ಮಸಿ ಹಿಡಿಯುವ ಡಿ.ಪಿ.ಎಫ್. ಫಿಲ್ಟರ್‌ನ ಕಡೆ ಗಮನವಿಡಬೇಕು. ಅದು ತನ್ನಿಂದ ತಾನೇ ಶುಚಿಯಾಗಲು ಆಗಾಗ ಹೆದ್ದಾರಿಯ ಓಟ ಬೇಕು.

ಕಿಲೋಮೀಟರಿನ ಲೆಕ್ಕ

ಉದಾಹರಣೆಗಾಗಿ ಪೆಟ್ರೋಲ್ ಲೀಟರಿಗೆ 103 ರೂ., ಡೀಸೆಲ್ 91 ರೂ. ಎಂದಿಟ್ಟುಕೊಳ್ಳೋಣ. ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ., ಡೀಸೆಲ್ ಕಾರು 20 ಕಿ.ಮೀ. ಓಡಿದರೆ, ಕಿಲೋಮೀಟರಿಗೆ ತಗಲುವ ಇಂಧನ ವೆಚ್ಚ ಕ್ರಮವಾಗಿ 6.87 ರೂ. ಮತ್ತು 4.55 ರೂ. ಉಳಿತಾಯ 2.32 ರೂ.

ತಿಂಗಳಿಗೆ 1,500 ಕಿ.ಮೀ. ಓಡಿಸುವವರಿಗೆ ವರ್ಷಕ್ಕೆ ಸುಮಾರು 41,700 ರೂ. ಉಳಿಯುತ್ತದೆ, 500 ಕಿ.ಮೀ. ಮಾತ್ರ ಓಡಿಸುವವರಿಗೆ ಉಳಿಯುವುದು ಸುಮಾರು 13,900 ರೂ. ಟರ್ಬೊ ಅಥವಾ ಇಂಜೆಕ್ಟರ್‌ಗಾಗಿ 40,000 ರೂ.ಗಳ ಒಂದು ದುರಸ್ತಿ ಎದುರಾಯಿತೆನ್ನಿ. ಮೊದಲನೆಯವರು ಅದನ್ನು ಒಂದು ವರ್ಷದೊಳಗೇ ತುಂಬಿಕೊಳ್ಳುತ್ತಾರೆ. ಎರಡನೆಯವರ ಸುಮಾರು ಮೂರು ವರ್ಷಗಳ ಉಳಿತಾಯ ಅದರಲ್ಲಿಯೇ ಮುಳುಗುತ್ತದೆ. ಕಡಿಮೆ ಓಡುವ ಕಾರಿಗೆ ಮಸಿಯ ಕಾಟ ಹೆಚ್ಚೆಂಬುದನ್ನು ಸೇರಿಸಿಕೊಂಡರೆ, ಅಂಗಡಿಗೂ ಮನೆಗೂ ಮಾತ್ರ ಓಡಾಡುವವರಿಗೆ ಹಳೆಯ ಡೀಸೆಲ್ ಸೆಡಾನ್ ಎರಡು ಬಗೆಯಲ್ಲಿ ನಷ್ಟವೆಂದು ಸ್ಪಷ್ಟವಾಗುತ್ತದೆ.

ಕಾಗದಪತ್ರ ಮತ್ತು ತೆರಿಗೆ

ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. ಆಮೇಲಿನ ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಿಂದ 600 ರೂ.ಗಳಿಂದ 5,000 ರೂ.ಗಳಿಗೆ ಏರಿಸಲಾಯಿತು. ಡಿಸೈರ್‌ನ ಮೊದಲ ವರ್ಷಗಳ ಕಾರುಗಳು ಈ ಗಡಿಯನ್ನು ಆಗಲೇ ದಾಟಿವೆ.

ದೆಹಲಿಯ ಹಳೆಯ ಕಾರುಗಳು ಅಗ್ಗವೆಂಬ ಮಾತು ಮಾರುಕಟ್ಟೆಯಲ್ಲಿ ಕೇಳಿಬರುತ್ತದೆ. 10 ವರ್ಷ ಮೀರಿದ ಡೀಸೆಲ್ ವಾಹನಗಳನ್ನು ರಾಜಧಾನಿ ಪ್ರದೇಶದಲ್ಲಿ ಓಡಿಸಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತ್ತು. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿಯಿತು. ಆ ಬಳಿಕ 2025ರಲ್ಲಿ ಈ ವಿಷಯ ಮತ್ತೆ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಹೊರರಾಜ್ಯದ ಕಾರನ್ನು ಕೊಳ್ಳುವವರು ನಿರಾಕ್ಷೇಪಣಾ ಪತ್ರವನ್ನು ಪಡೆಯಬೇಕು. ಕಾರು ಕರ್ನಾಟಕದಲ್ಲಿ ನೆಲೆಸುವುದಾದರೆ ಇಲ್ಲಿನ ಆಜೀವ ತೆರಿಗೆಯನ್ನೂ ಕೊಳ್ಳುವ ಬೆಲೆಗೆ ಕೂಡಿಸಿಯೇ ನೋಡಬೇಕು. ಬ್ಯಾಂಕಿನ ಸಾಲ ತೀರಿದ್ದರೂ ನೋಂದಣಿ ಪತ್ರದಲ್ಲಿ ಅಡಮಾನದ ನಮೂದು ಉಳಿದಿರುವುದುಂಟು. ಅದನ್ನು ತೆಗೆಸಿದ ಮೇಲೆಯೇ ಪೂರ್ತಿ ಹಣ ಕೊಡಬೇಕು. ವಿಮೆಯನ್ನು ಹೆಸರಿಗೆ ಬದಲಾಯಿಸಿಕೊಳ್ಳಲು 14 ದಿನಗಳ ಅವಕಾಶವಿದೆ. ಹಿಂದಿನ ಮಾಲೀಕರ ನೋ ಕ್ಲೇಮ್ ಬೋನಸ್ ಕಾರಿನೊಡನೆ ಬರುವುದಿಲ್ಲ.

ಜಿ.ಎಸ್.ಟಿ. ನೋಂದಣಿಯುಳ್ಳ ಸಂಸ್ಥೆಯು ಕಾರನ್ನು ಮಾರುವಾಗಲೂ ಎಚ್ಚರ ಅಗತ್ಯ. ಜಿ.ಎಸ್.ಟಿ. ಮಂಡಳಿಯ 2024ರ ಡಿಸೆಂಬರ್‌ನ ತೀರ್ಮಾನದಂತೆ ಸಣ್ಣ ಕಾರುಗಳಿಗೂ ತೆರಿಗೆ ಶೇ. 12ರಿಂದ ಶೇ. 18ಕ್ಕೆ ಏರಿತು. ಸವಕಳಿ ಪಡೆದ ಕಾರಾದರೆ, ಮಾರಿದ ಬೆಲೆಯಿಂದ ಸವಕಳಿ ಕಳೆದುಳಿದ ಮೌಲ್ಯವನ್ನು ಕಳೆದು, ಉಳಿದ ಮೊತ್ತಕ್ಕಷ್ಟೇ ತೆರಿಗೆ. ಪುಸ್ತಕದಲ್ಲಿ 2,00,000 ರೂ. ಮೌಲ್ಯವಿರುವ ಕಾರನ್ನು 2,60,000 ರೂ.ಗಳಿಗೆ ಮಾರಿದರೆ, 60,000 ರೂ.ಗಳ ಮೇಲೆ 10,800 ರೂ. ಸಲ್ಲುತ್ತದೆ. ಪುಸ್ತಕದ ಮೌಲ್ಯಕ್ಕಿಂತ ಕಡಿಮೆಗೆ ಮಾರಿದರೆ ತೆರಿಗೆಯಿಲ್ಲ.

ಕೊಳ್ಳುವ ದಿನದ ಪರೀಕ್ಷೆ

ಕಾರನ್ನು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಮತ್ತೊಂದು ದಿನ ಹೋಗುವುದು ಮೇಲು. ಸ್ಟಾರ್ಟ್ ಆದ ಕ್ಷಣದ ಸದ್ದನ್ನೂ ಹೊಗೆಯ ಬಣ್ಣವನ್ನೂ ಗಮನಿಸಬೇಕು. ಓಡುತ್ತಿರುವ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ರಭಸದಿಂದ ನುಗ್ಗಿದರೆ ಪಿಸ್ಟನ್ ರಿಂಗ್‌ಗಳು ಸವೆದಿರುವ ಸಂಭವವುಂಟು. ಸ್ಕ್ಯಾನರ್ ಜೋಡಿಸಿ ದೋಷ ಸಂಕೇತಗಳನ್ನು ಓದಿಸುವುದಕ್ಕೆ ಮತ್ತು ನಂಬಿಕೆಯ ಮೆಕ್ಯಾನಿಕ್‌ನ ತಪಾಸಣೆಗೆ ಆಗುವ ವೆಚ್ಚ ದಂಡವಲ್ಲ. ಅವನು ಪಟ್ಟಿ ಮಾಡಿದ ದುರಸ್ತಿಗಳ ಮೊತ್ತವೇ ಚೌಕಾಸಿಗೆ ಆಧಾರವಾಗಬೇಕು.

ಕೊಂಡ ವಾರದಲ್ಲಿಯೇ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್ ಮತ್ತು ಏರ್ ಫಿಲ್ಟರ್‌ಗಳನ್ನು ಬದಲಾಯಿಸಿ, ಮೊದಲ ವರ್ಷದ ದುರಸ್ತಿಗೆಂದು ಒಂದು ಮೊತ್ತವನ್ನು ಬೇರೆ ತೆಗೆದಿಡುವುದು ವಿವೇಕ. ಸರಕನ್ನು ಕೊಳ್ಳುವಾಗ ಸಾಗಣೆ, ತೂಕದ ನಷ್ಟ ಮತ್ತು ಬಡ್ಡಿ ಸೇರಿಸಿ ಅಸಲು ಕಟ್ಟುವ ವ್ಯಾಪಾರಸ್ಥರು ಕಾರಿಗೂ ಅದೇ ರೀತಿಯ ಲೆಕ್ಕ ಹಾಕಿದರೆ, ಹೆಚ್ಚು ಓಡಾಡುವವರಿಗೆ ಈ ಎಂಜಿನ್ ಇಂದಿಗೂ ಲಾಭ ತರಬಲ್ಲದು.